ಶರ್ಯತ್ತಿನ ಕುದುರೆಯನ್ನು ನೋಡುವುದು ಹೇಗೆ



ನಮ್ಮ ರಾಯಬಾಗ ಸೀಮೆಯ ಮುಗಳಖೋಡ, ಹಾರೂಗೇರಿ, ಪಾಲಭಾವಿ, ಸುಲ್ತಾನಪುರದ ಕಡೆ ಜಾತ್ರೆಯ ಕರಪತ್ರ ಕೈಗೆ ಬಂತೆಂದರೆ ಹುಡುಗರ ಕಣ್ಣು ಮೊದಲು ಹೋಗುವುದು ಕೊನೆಯ ಸಾಲುಗಳಿಗೆ. ಪಲ್ಲಕ್ಕಿ, ಭಜನೆ, ಮಹಾಪ್ರಸಾದದ ವಿವರಗಳ ಕೆಳಗೆ ಅಲ್ಲಿ ಶರ್ಯತ್ತುಗಳ ಪಟ್ಟಿ ಇರುತ್ತದೆ. ಜೋಡೆತ್ತಿನ ಗಾಡಿ, ಜೋಡು ಕುದುರೆ ಗಾಡಿ, ಒಂದು ಕುದುರೆ ಒಂದು ಎತ್ತು ಹೂಡಿದ ಗಾಡಿ, ಬರೀ ಕುದುರೆಯ ಓಟ, ಸೈಕಲ್ ಓಟ. ಆ ಹೊತ್ತಿನಿಂದ ಚಹಾದಂಗಡಿಯಲ್ಲಿ ಆಗಲಿ, ಕಬ್ಬಿನ ಹೊಲದ ಬದುವಿನ ಮೇಲೆ ಆಗಲಿ, ನಾಲ್ಕು ಮಂದಿ ಕೂತರೆ ಒಂದೇ ಮಾತು: ಈ ಸಲ ಯಾರ ಗಾಡಿ ಮೊದಲ ಬರತೈತಿ?

ಈ ಸೀಮೆಯಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿದವನಾದ್ದರಿಂದ ನನ್ನನ್ನೂ ಬಿಡುವುದಿಲ್ಲ. "ಡಾಕ್ಟ್ರ, ನೀವರ ಹೇಳ್ರಿ, ಯಾವ ಕುದುರಿ ಹೊಡಿತೈತಿ?" ಎನ್ನುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕುದುರೆಯನ್ನು ನೋಡಿ ಅದರ ಓಟವನ್ನು ಅಂದಾಜು ಮಾಡುವುದು ದೊಡ್ಡ ವಿದ್ಯೆ. ಅದಕ್ಕೆ ಕಣ್ಣು ಬೇಕು, ನೆನಪು ಬೇಕು, ತಾಳ್ಮೆ ಬೇಕು. ಆದರೆ ನನ್ನ ಉತ್ತರ ಯಾವಾಗಲೂ ಒಂದೇ. ತಮ್ಮಾ, ಗೆಲ್ಲುವ ಕುದುರೆಯನ್ನು ಆಮೇಲೆ ಹುಡುಕೋಣ, ಇವತ್ತು ಓಡಲೇಬಾರದ ಕುದುರೆ ಯಾವುದು ಅಂತ ಮೊದಲು ನೋಡೋಣ ಬಾ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

ಕುದುರೆಯನ್ನು ಪರೀಕ್ಷಿಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ಲಕ್ಷಣವನ್ನೂ ಕುದುರೆಯ ಮೇಲೆ ಕೂತು ಆಡುವ ಆಟವನ್ನೂ ವಿವರಿಸಿದ್ದಾನೆ. ಕುದುರೆಯ ವೈದ್ಯದ ಮೇಲೆ ಅಭಿನವಚಂದ್ರ ಎಂಬಾತ ಕನ್ನಡದಲ್ಲಿಯೇ ಬರೆದಿದ್ದಾನೆ. ಇನ್ನು ನಮ್ಮ ಉತ್ತರಕ್ಕಿರುವ ಭೀಮಾ ತೀರದಲ್ಲಿ ಬೆಳೆದದ್ದು ಭೀಮಥಡಿ ಕುದುರೆ. ಮರಾಠರ ದಂಡಿನಲ್ಲಿ ಓಡಿದ ಆ ಗಿಡ್ಡ ಗಟ್ಟಿ ಕುದುರೆ ಈಗ ಕುರಿಗಾರರ ಹಿಂಡಿನ ಜೊತೆ ಹಾಸಿಗೆ, ಪಾತ್ರೆ, ಎಳೆಯ ಕುರಿಮರಿಗಳನ್ನು ಹೊತ್ತು ನಡೆಯುತ್ತಿದೆ. ಇತ್ತೀಚೆಗೆ ಅದಕ್ಕೆ ದೇಶದ ಒಂದು ಪ್ರತ್ಯೇಕ ತಳಿ ಎಂಬ ಮಾನ್ಯತೆಯೂ ಸಿಕ್ಕಿತು. ಬಹಳ ಹಿಂದೆಯೇ ಸಿಗಬೇಕಾಗಿತ್ತು.

ಹಳೆಯ ವಿದ್ಯೆಯಲ್ಲಿ ಒಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದು ಸುಳಿ ನೋಡುವುದು. ಹಣೆಯ ಮೇಲೆ ಸುಳಿ ಎಲ್ಲಿದೆ, ಎದೆಯ ಮೇಲೆ ಎಷ್ಟಿವೆ ಎಂದು ಬೆರಳಿಟ್ಟು ಎಣಿಸಿ ಸಾವಿರಾರು ರೂಪಾಯಿ ಹೆಚ್ಚು ಕೊಡುವವರಿದ್ದಾರೆ. ನಾಲ್ಕು ಕಾಲೂ ಮುಖವೂ ಬಿಳಿಯಾದ ಪಂಚಕಲ್ಯಾಣಿ ಕುದುರೆಯೆಂದರೆ ಕಣ್ಣು ಮುಚ್ಚಿ ಕೊಳ್ಳುವವರಿದ್ದಾರೆ. ಚೆಲುವಿಗೆ ಕೊಳ್ಳಿ, ಬೇಡ ಎನ್ನುವುದಿಲ್ಲ. ಓಟಕ್ಕೂ ಕೂದಲು ತಿರುಗಿದ ದಿಕ್ಕಿಗೂ ಸಂಬಂಧವಿಲ್ಲ. ಓಡುವುದು ಕಾಲು. ಓಡಿಸುವುದು ಎದೆಗೂಡಿನೊಳಗಿನ ಹೃದಯ ಮತ್ತು ಶ್ವಾಸಕೋಶ.

ಬೆಂಗಳೂರು, ಮೈಸೂರು, ಪುಣೆಯ ರೇಸ್‌ಕೋರ್ಸುಗಳಲ್ಲಿ ಈ ಅಂದಾಜಿನ ಕೆಲಸವನ್ನು ಹೇಗೆ ಮಾಡುತ್ತಾರೆ ಎಂಬುದನ್ನು ನಮ್ಮ ಹುಡುಗರು ತಿಳಿಯಬೇಕು. ಬೇಲಿ ಹಾರಿಸದೆ, ಹಳ್ಳ ದಾಟಿಸದೆ, ಸಮನಾದ ಹುಲ್ಲಿನ ಹಾದಿಯ ಮೇಲೆ ನಡೆಯುವ ಓಟ ಅಲ್ಲಿಯದು. ಮೈಸೂರು ರೇಸ್ ಕ್ಲಬ್ 1891ರಷ್ಟು ಹಿಂದೆ ಶುರುವಾದದ್ದು. ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಇಂಡಿಯನ್ ಡರ್ಬಿ ಎಂಬ ಓಟ ಮೊದಲು ನಡೆದದ್ದು 1943ರಲ್ಲಿ. ಆ ವರ್ಷ ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ. ಡರ್ಬಿಯ ದೂರ 2400 ಮೀಟರ್, ಓಡುವವು ನಾಲ್ಕು ವರ್ಷದವು ಮಾತ್ರ. ಇದನ್ನು ಒತ್ತಿ ಹೇಳುತ್ತೇನೆ: ದೂರವೂ ವಯಸ್ಸೂ ಮೊದಲೇ ಗೊತ್ತು, ಬರೆದಿಟ್ಟದ್ದು.

ಅಲ್ಲಿ ಪ್ರತಿ ಕುದುರೆಗೂ ಅದರ ಹಿಂದಿನ ಓಟಗಳನ್ನು ನೋಡಿ ಒಂದು ಅಂಕ ಕೊಟ್ಟಿರುತ್ತಾರೆ. ಹೆಚ್ಚು ಅಂಕದ ಕುದುರೆ ಹೆಚ್ಚು ಭಾರ ಹೊರಬೇಕು. ಲೆಕ್ಕ ಎರಡು ಅಂಕಕ್ಕೆ ಒಂದು ಕಿಲೋ. 60 ಅಂಕದ ಕುದುರೆಯೂ 50 ಅಂಕದ ಕುದುರೆಯೂ ಒಂದೇ ಓಟಕ್ಕೆ ನಿಂತರೆ ಮೊದಲನೆಯದರ ಬೆನ್ನ ಮೇಲೆ 5 ಕಿಲೋ ಹೆಚ್ಚಿರುತ್ತದೆ. ಜಾಕಿ ಹಗುರನಾದರೆ ಜೀನಿನ ಕೆಳಗೆ ಸೀಸದ ತುಂಡು ಸೇರಿಸುತ್ತಾರೆ. ಓಟ ಮುಗಿದ ಮೇಲೆ ಜೀನಿನ ಸಮೇತ ಮತ್ತೆ ತೂಗುತ್ತಾರೆ. ಆದ್ದರಿಂದ ಅಲ್ಲಿ ಅಂದಾಜು ಮಾಡುವವನು ಕುದುರೆಯ ಹೆಸರು ಕೇಳಿ ಕುಣಿಯುವುದಿಲ್ಲ. ಕಳೆದ ಸಲ ಎಷ್ಟು ಭಾರದಲ್ಲಿ, ಎಷ್ಟು ದೂರಕ್ಕೆ, ಹಸಿ ನೆಲದಲ್ಲೋ ಗಟ್ಟಿ ನೆಲದಲ್ಲೋ ಓಡಿತ್ತು, ಈ ಸಲ ಏನು ಬದಲಾಗಿದೆ ಎಂದು ನೋಡುತ್ತಾನೆ. 1200 ಮೀಟರಿನಲ್ಲಿ ಬಿರುಗಾಳಿಯಂತೆ ಹೋದದ್ದು 2000 ಮೀಟರಿಗೆ ಉಸಿರು ಬಿಡಬಹುದು. ಮೊದಲಿನಿಂದ ಮುಂದೆ ಹೋಗುವ ಕುದುರೆಗಳು ಒಂದೇ ಓಟದಲ್ಲಿ ನಾಲ್ಕಾರು ಸೇರಿದರೆ ಒಂದನ್ನೊಂದು ದಣಿಸುತ್ತವೆ. ಆಗ ಹಿಂದೆ ಸುಮ್ಮನೆ ಬರುತ್ತಿದ್ದದ್ದಕ್ಕೆ ಹಾದಿ ತೆರೆಯುತ್ತದೆ. ಒಳಗಿನ ಬೇಲಿಯ ಪಕ್ಕದ ಬಾಗಿಲು ಸಿಕ್ಕಿದ್ದಕ್ಕೆ ತಿರುವಿನಲ್ಲಿ ದೂರ ಕಡಿಮೆ, ಹೊರಗಿನದಕ್ಕೆ ಹೆಚ್ಚು. ಇಷ್ಟನ್ನೂ ಕೂಡಿಸಿ ಕಳೆದು ನೋಡಿದ ಮೇಲೆಯೇ ಅವನು ಒಂದು ಹೆಸರು ಹೇಳುವುದು.

1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ, ಕುದುರೆ ಓಟ ಮುಖ್ಯವಾಗಿ ಕೌಶಲದ ಆಟ, ಬರೀ ಅದೃಷ್ಟದ್ದಲ್ಲ ಎಂದು ಹೇಳಿತು. ಕುದುರೆಯ ತಳಿ, ತಾಲೀಮು, ಸವಾರನ ಕೈ, ಇವುಗಳ ಮೇಲೆ ಫಲ ನಿಂತಿದೆ ಎಂಬುದು ಅದರ ತಾತ್ಪರ್ಯ. ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ರೊಕ್ಕ ಹಚ್ಚಲಿಕ್ಕೆ ಅದನ್ನು ನೆಪ ಮಾಡಿಕೊಳ್ಳಬೇಡಿ. ಬಾಜಿಯಲ್ಲಿ ಹೊಲ ಕಳೆದುಕೊಂಡ ಮನೆಗಳನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಕೌಶಲ ಎಂದು ಕರೆದ ಮೇಲೆ ಅದು ಮೊದಲು ಪ್ರಾಣಿಯ ಉಪಯೋಗಕ್ಕೆ ಬರಬೇಕು.

ಈಗ ನಮ್ಮ ಕಣಕ್ಕೆ ಬರೋಣ. ಇಲ್ಲಿ ಅಂಕವಿಲ್ಲ, ತೂಕವಿಲ್ಲ, ಬರೆದಿಟ್ಟ ದಾಖಲೆ ಇಲ್ಲ. ನಾಡಕುದುರೆ, ಮಾರವಾಡಿ, ಕಾಠಿಯಾವಾಡಿ ಬೆರಕೆ, ಕೆಲವೊಮ್ಮೆ ರೇಸ್‌ಕೋರ್ಸಿನಿಂದ ಹೊರಬಿದ್ದ ಎತ್ತರದ ಕುದುರೆ, ಎಲ್ಲವೂ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. ಹಾಗಾಗಿ ಎಲ್ಲ ಭಾರ ನೋಡುವವನ ಕಣ್ಣಿನ ಮೇಲೆಯೇ ಬೀಳುತ್ತದೆ. ಆ ಕಣ್ಣು ಎಲ್ಲಿಂದ ಶುರು ಮಾಡಬೇಕು?

ಗೊರಸಿನಿಂದ. ಹಳೆಯ ಗಾಡಿ ಹೊಡೆಯುವ ಹಿರಿಯರೊಬ್ಬರು ನನಗೆ ಹೇಳುತ್ತಿದ್ದರು: "ಸಾಹೇಬ್ರ, ಮಾರಿ ನೋಡಿ ಮರುಳಾಗಬ್ಯಾಡ್ರಿ, ಕಾಲು ಎತ್ತಿ ನೋಡ್ರಿ." ಪಶುವೈದ್ಯ ಕಾಲೇಜಿನಲ್ಲಿ ಕಲಿತದ್ದೂ ಅದನ್ನೇ. ನಾಲು ಸಡಿಲವಾಗಿದೆಯೇ, ಮೊಳೆ ಒಳಗಿನ ಜೀವದ ಭಾಗಕ್ಕೆ ಹತ್ತಿದೆಯೇ, ಗೋಡೆ ಸೀಳಿದೆಯೇ, ಒಳಗಿಂದ ಕೊಳೆತ ವಾಸನೆ ಬರುತ್ತಿದೆಯೇ ನೋಡಿ. ನಾಲ್ಕೂ ಗೊರಸನ್ನು ಅಂಗೈಯಿಂದ ಮುಟ್ಟಿ. ಒಂದು ಮಾತ್ರ ಬಿಸಿಯಾಗಿದ್ದರೆ ಅಲ್ಲಿ ನೋವಿದೆ. ಆಮೇಲೆ ಮುಂಗಾಲಿನ ಮಂಡಿಯಿಂದ ಕೆಳಕ್ಕೆ, ಎಲುಬಿನ ಹಿಂಬದಿಯ ದಪ್ಪ ನರದ ಮೇಲೆ ಬೆರಳಾಡಿಸಿ. ಅದು ಬಿಗಿದ ಹುರಿಯಂತೆ ನೇರವಾಗಿ, ತಣ್ಣಗೆ ಇರಬೇಕು. ನಡುವೆ ಬಾಗಿದಂತೆ ಉಬ್ಬಿದ್ದರೆ, ಒತ್ತಿದಾಗ ಕುದುರೆ ಕಾಲು ಸೆಳೆದುಕೊಂಡರೆ, ಆ ನರದ ಎಳೆಗಳು ಹರಿದಿವೆ. ಅಲ್ಲಿಗೆ ರಕ್ತ ಹರಿಯುವುದು ಕಡಿಮೆ, ಆದ್ದರಿಂದ ಮಾಯಲು ಒಂಬತ್ತು ತಿಂಗಳು, ಒಂದು ವರ್ಷ ಹಿಡಿಯುತ್ತದೆ. ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ, ನೋವಿನ ಸೂಜಿ ಹಾಕಿಸಿ ಓಡಿಸಿದರೆ ಆ ದಿನ ಓಡಬಹುದು. ಮತ್ತೆಂದೂ ಓಡಲಿಕ್ಕಿಲ್ಲ. ಕುದುರೆಯ ಮೈಭಾರದಲ್ಲಿ ನೂರಕ್ಕೆ ಅರವತ್ತು ಪಾಲು ಮುಂಗಾಲುಗಳ ಮೇಲೆ ಇರುತ್ತದೆ, ಓಡುವಾಗ ಒಂದೊಂದು ಹೆಜ್ಜೆಗೆ ಅದು ಮೈಭಾರವನ್ನೂ ಮೀರುತ್ತದೆ. ಆದ್ದರಿಂದಲೇ ಮುಂಗಾಲಿನ ಮೇಲೆ ನಾನು ಇಷ್ಟು ಹೊತ್ತು ನಿಲ್ಲುವುದು.

ಇನ್ನು ನಡಿಗೆ. ಒಬ್ಬರಿಗೆ ಲಗಾಮು ಕೊಟ್ಟು, ಗಟ್ಟಿ ನೆಲದ ಮೇಲೆ ಕುಕ್ಕುಲೋಟದಲ್ಲಿ ಕುದುರೆಯನ್ನು ನಿಮ್ಮತ್ತ ಓಡಿಸಿ ತರಲು ಹೇಳಿ. ಲಗಾಮು ಸಡಿಲವಿರಲಿ. ತಲೆಯನ್ನೇ ನೋಡಿ. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆ, ಗಟ್ಟಿ ಕಾಲು ಊರಿದಾಗ ತಲೆ ಕೆಳಗಿಳಿಯುತ್ತದೆ. ಇದು ಯಾವ ಯಂತ್ರವೂ ಬೇಡದ ಪರೀಕ್ಷೆ. ಹತ್ತನೆಯ ತರಗತಿಯ ಹುಡುಗ ಒಂದು ಮುಂಜಾನೆಯಲ್ಲಿ ಕಲಿಯಬಹುದು. ಕಣ್ಣು ಮುಚ್ಚಿ ನಾಲಿನ ಸಪ್ಪಳ ಕೇಳಿದರೂ ಗೊತ್ತಾಗುತ್ತದೆ. ಎರಡೂ ಕಾಲಿನ ಏಟು ಸಮನಾಗಿರಬೇಕು.

ವಯಸ್ಸನ್ನು ಹಲ್ಲಿನಲ್ಲಿ ನೋಡುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ಎತ್ತುಗಳನ್ನು ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎಂದು ವಿಂಗಡಿಸುವ ಪದ್ಧತಿ ನಮ್ಮಲ್ಲಿಯೇ ಇದೆ. ಅದೇ ಶಿಸ್ತು ಕುದುರೆಗೆ ಬರಲಿ. ಕುದುರೆಯ ನಡುವಿನ ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಬರುವುದು ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದ್ದು ಮೂರೂವರೆಗೆ, ಅಂಚಿನದು ನಾಲ್ಕೂವರೆಗೆ. ಐದಕ್ಕೆ ಬಾಯಿ ತುಂಬುತ್ತದೆ. ಹಾಲುಹಲ್ಲಿನ ಮರಿಯನ್ನು ಗಾಡಿಗೆ ಹೂಡಿ ಡಾಂಬರು ರಸ್ತೆಯಲ್ಲಿ ಬಾರಕೋಲು ಬೀಸುವುದು ಅದರ ಮುಂದಿನ ಹತ್ತು ವರ್ಷವನ್ನು ಬಹುಮಾನದ ಒಂದು ಢಾಲಿಗೆ ಮಾರಿದಂತೆ.

ಎದೆಗೂಡಿನ ಬಗ್ಗೆ ಹೇಳುತ್ತೇನೆ. ಕುದುರೆ ಬಾಯಿಯಿಂದ ಉಸಿರಾಡಲಾರದು, ಅದಕ್ಕೆ ಮೂಗೊಂದೇ ದಾರಿ. ನಾಗಾಲೋಟದಲ್ಲಿ ಒಂದು ಜಿಗಿತಕ್ಕೆ ಒಂದು ಉಸಿರು, ಹೆಜ್ಜೆಗೂ ಉಸಿರಿಗೂ ಅಷ್ಟು ಬಿಗಿ ಗಂಟು. ಆರಾಮವಾಗಿ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಜೋರು ಓಟದಲ್ಲಿ ಅದೇ ಹೃದಯ 200ನ್ನು ದಾಟಿ ಬಡಿಯುತ್ತದೆ. ನಾಡಿ ಸಿಗುವುದು ದವಡೆಯ ಕೆಳಗಿನ ಅಂಚಿನಲ್ಲಿ, ಮೂರು ಬೆರಳಿಟ್ಟರೆ ಸಾಕು. ಬೆಳಗ್ಗೆ ಗಾಡಿ ಹೂಡುವ ಮೊದಲೇ ನಾಡಿ 60 ಇದ್ದರೆ ಆ ಕುದುರೆಗೆ ನೋವೋ ಜ್ವರವೋ ಭಯವೋ ಇದೆ. ಮೂಗಿನಿಂದ ಗಟ್ಟಿ ಸಿಂಬಳ ಬರುತ್ತಿದ್ದರೆ, ಕೆಮ್ಮುತ್ತಿದ್ದರೆ ಅದನ್ನು ಓಡಿಸುವುದಿರಲಿ, ಬೇರೆ ಕುದುರೆಗಳ ಹತ್ತಿರವೂ ಕಟ್ಟಬೇಡಿ. ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ತಡವಾದರೆ ಮೈಯಲ್ಲಿ ನೀರು ಸಾಲದು.

ಒಂದು ಒಳ್ಳೆಯ ಲಕ್ಷಣವನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಬರೀ ದೋಷ ಹುಡುಕಿದಂತಾದೀತು. ತಾಲೀಮಿನ ಓಟದ ಬಳಿಕ ಹತ್ತು ಹದಿನೈದು ನಿಮಿಷದಲ್ಲಿ ಯಾವ ಕುದುರೆಯ ನಾಡಿ 60ರ ಆಸುಪಾಸಿಗೆ ಇಳಿಯುತ್ತದೋ ಅದರ ದಮ್ಮು ಗಟ್ಟಿ. ಕಣದಲ್ಲಿ ಯಾವುದು ಕಿವಿ ಮುಂದೆ ಮಾಡಿ, ಮೈ ಒಣಗಿ, ಉದ್ದುದ್ದ ಹೆಜ್ಜೆ ಹಾಕಿ ಶಾಂತವಾಗಿ ನಡೆಯುತ್ತದೋ ಅದರ ಮೇಲೆ ನನ್ನ ಕಣ್ಣು. ಓಟಕ್ಕೆ ಮೊದಲೇ ಬೆವರಿನ ನೊರೆ ಬಂದು, ಬಾಲ ಬಡಿಯುತ್ತ, ಲಗಾಮು ಕಡಿಯುತ್ತ ಕುಣಿಯುವ ಕುದುರೆಗೆ ಜನ ಸಿಳ್ಳೆ ಹೊಡೆಯುತ್ತಾರೆ. ಅದು ತನ್ನ ಅರ್ಧ ಓಟವನ್ನು ನಿಂತಲ್ಲೇ ಓಡಿ ಮುಗಿಸಿರುತ್ತದೆ.

ಮೇವಿನ ವಿಷಯದಲ್ಲಿ ನಮ್ಮವರ ಪ್ರೀತಿಯೇ ಕುದುರೆಗೆ ಮುಳುವಾಗುತ್ತದೆ. ಶರ್ಯತ್ತು ಹತ್ತಿರ ಬಂತೆಂದು ಹಾಲು, ತತ್ತಿ, ಬದಾಮಿ, ಬೆಲ್ಲ, ನೆನೆಸಿದ ಕಡಲೆ, ಗೊಂಜಾಳ, ಮನೆಯಲ್ಲಿ ಮಕ್ಕಳಿಗೂ ಸಿಗದ್ದನ್ನೆಲ್ಲ ಸುರಿಯುತ್ತಾರೆ. ಕುದುರೆಯ ಹೊಟ್ಟೆ ಎತ್ತಿನ ಹೊಟ್ಟೆಯಲ್ಲ. ಅದು ಮೆಲುಕು ಹಾಕುವುದಿಲ್ಲ, ತಿಂದದ್ದನ್ನು ಕಾರಿ ಹಗುರವಾಗುವ ಶಕ್ತಿಯೂ ಅದಕ್ಕಿಲ್ಲ. ಒಮ್ಮೆಲೇ ಕಾಳು ಹೆಚ್ಚಾದರೆ ಹೊಟ್ಟೆಶೂಲೆ ಬರುತ್ತದೆ, ಇಲ್ಲವೇ ಗೊರಸಿನೊಳಗೆ ಉರಿ ಹತ್ತಿ ನಿಲ್ಲಲಾರದಂತಾಗುತ್ತದೆ. ಒಣ ಹುಲ್ಲೇ ಅದರ ಮುಖ್ಯ ಆಹಾರ. ಕಾಳನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಮೂರು ನಾಲ್ಕು ಸಲ ಕೊಡಿ. ಓಟಕ್ಕೆ ಮೂರು ನಾಲ್ಕು ತಾಸು ಮೊದಲು ಕಾಳು ನಿಲ್ಲಿಸಿ. ನೀರನ್ನು ಮಾತ್ರ ತಡೆಯಬೇಡಿ.

ಈಗ ಕಟುವಾದ ಒಂದು ಮಾತು. ಒಂದು ಕುದುರೆ ಒಂದು ಎತ್ತು ಹೂಡಿ ಓಡಿಸುವ ಗಾಡಿಯನ್ನು ನಾವು ಕೈಬಿಡಬೇಕು. ನೋಡಲು ವಿಚಿತ್ರ, ಜನ ಸೇರುತ್ತಾರೆ, ಒಪ್ಪುತ್ತೇನೆ. ಆದರೆ ನೊಗ ಇರುವುದು ಎತ್ತಿನ ಹೆಗಲಿಗೆ, ಅದರ ಇಣಿಯ, ಅಂದರೆ ಡುಬ್ಬದ, ಮುಂದೆ ಕೂರುವುದಕ್ಕೆ. ಕುದುರೆಗೆ ಇಣಿ ಇಲ್ಲ, ಅದು ಎಳೆಯುವುದು ಎದೆಯಿಂದ. ಎರಡರ ಎತ್ತರ ಬೇರೆ, ಹೆಜ್ಜೆಯ ಅಳತೆ ಬೇರೆ, ಉಸಿರಿನ ಲೆಕ್ಕ ಬೇರೆ. ಕುದುರೆಯ ವೇಗಕ್ಕೆ ಎತ್ತನ್ನು ಎಳೆಯಬೇಕೆಂದರೆ ಎತ್ತಿಗೆ ಏಟು ಬೀಳುತ್ತದೆ, ಎತ್ತಿನ ವೇಗಕ್ಕೆ ಕುದುರೆಯನ್ನು ಹಿಡಿಯಬೇಕೆಂದರೆ ಕಡಿವಾಣ ಅದರ ಬಾಯಿ ಸೀಳುತ್ತದೆ. ಇಂಥ ಜೋಡಿಯಲ್ಲಿ ಯಾವುದು ಚಲೋ ಎಂದು ಅಂದಾಜು ಮಾಡಲು ನನ್ನನ್ನು ಕರೆದರೆ ನಾನು ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ತಡೆಯಿತು. 2017ರಲ್ಲಿ ನಮ್ಮ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿ ಹಿಡಿಯಿತು. ನಮ್ಮ ಕಡೆ ಪಟಾಕಿ ಹಾರಿದವು. ಆದರೆ ಆ ತಿದ್ದುಪಡಿಯಲ್ಲಿ ಇರುವುದು ಕೋಣ ಮತ್ತು ಎತ್ತು, ಕುದುರೆ ಅಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮು ಕುದುರೆಗೆ ಪೂರಾ ಅನ್ವಯಿಸುತ್ತದೆ. ವಯಸ್ಸು, ರೋಗ, ಗಾಯ, ಹುಣ್ಣುಗಳಿಂದ ಕೆಲಸಕ್ಕೆ ತಕ್ಕದ್ದಲ್ಲದ ಪ್ರಾಣಿಯನ್ನು ದುಡಿಸುವುದು ಅಪರಾಧ, ಹಾನಿಯಾಗುವ ಮದ್ದು ಕೊಡುವುದೂ ಅಪರಾಧ. ಓಟಕ್ಕೆ ಮೊದಲು ಸಾರಾಯಿ ಕುಡಿಸುವವರು, ಸೂಜಿ ಚುಚ್ಚುವವರು ಇದನ್ನು ಕಿವಿಗೊಟ್ಟು ಕೇಳಬೇಕು. ಗಾಡಿ ಎಳೆಯುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳೂ ಇವೆ. ಬಿಸಿಲು 37 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಅವನ್ನು ದುಡಿಸುವಂತಿಲ್ಲ, ಮೊಳೆಯಿರುವ ಕೋಲು ಬಳಸುವಂತಿಲ್ಲ. ರಾಯಬಾಗದ ಬೇಸಿಗೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ.

ಜಾತ್ರಾ ಕಮಿಟಿಯ ಹಿರಿಯರಲ್ಲಿ ನನ್ನ ವಿನಂತಿ ಇದು. ಓಟವನ್ನು ಮುಂಜಾನೆ ಎಂಟರೊಳಗೆ ಮುಗಿಸಿ. ಡಾಂಬರು ರಸ್ತೆ ಬಿಟ್ಟು, ಕಲ್ಲು ಆರಿಸಿದ ಗರಸಿನ ಹಾದಿಯನ್ನೋ ಮೆತ್ತಗಿನ ಮಣ್ಣಿನ ಹಾದಿಯನ್ನೋ ಗೊತ್ತು ಮಾಡಿ. ಗಾಡಿಗಳ ಬೆನ್ನು ಹತ್ತಿ ಹಾರ್ನು ಹೊಡೆಯುವ ಮೋಟಾರ್ ಸೈಕಲ್ಲುಗಳನ್ನು ಕಣದ ಹೊರಗೇ ನಿಲ್ಲಿಸಿ. ಅವುಗಳಿಂದ ಕುದುರೆಯೂ ಬೀಳುತ್ತದೆ, ಮನುಷ್ಯನೂ ಬೀಳುತ್ತಾನೆ. ಓಟಕ್ಕೆ ಮೊದಲು ಪಶುವೈದ್ಯರನ್ನು ಕೂರಿಸಿ, ಅವರು ಬೇಡ ಎಂದ ಕುದುರೆಯನ್ನು ಯಾರ ಮುಲಾಜಿಗೂ ಗೆರೆಗೆ ಬಿಡಬೇಡಿ. ಒಂದು ವಹಿ ಇಟ್ಟು ಕುದುರೆಯ ವಯಸ್ಸು, ಬಣ್ಣ, ಓಡಿದ ದೂರ, ಹಿಡಿದ ಸಮಯ ಬರೆಯಿರಿ. ನಾಲ್ಕು ವರ್ಷ ಬರೆದರೆ ಬೆಂಗಳೂರಿನವರ ಹಾಗೆ ನೀವೂ ಸಮಬಲದ ಕುದುರೆಗಳನ್ನು ಸಮಬಲದವುಗಳ ಜೊತೆ ಓಡಿಸಬಹುದು. ಆಗ ಓಟದ ರಂಗೂ ಹೆಚ್ಚುತ್ತದೆ.

ಕುದುರೆ ಸಾಕಿದ ತಮ್ಮಂದಿರೆ, ನಿಮ್ಮ ಕುದುರೆಗೆ ಧನುರ್ವಾಯುವಿನ ಲಸಿಕೆ ಹಾಕಿಸಿ. ಮೊಳೆ ಚುಚ್ಚಿದ ಸಣ್ಣ ಗಾಯದಿಂದ ಕುದುರೆಗೆ ಬರುವಷ್ಟು ಬೇಗ ಆ ರೋಗ ಬೇರೆ ಸಾಕುಪ್ರಾಣಿಗೆ ಬರುವುದಿಲ್ಲ. ಕುಂಟು ಕಂಡರೆ, ಹೊಟ್ಟೆ ನೋವಿನಿಂದ ಹೊರಳಾಡಿದರೆ ಮನೆಮದ್ದು ಮಾಡುತ್ತ ಹೊತ್ತು ಕಳೆಯಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಮನೆಬಾಗಿಲಿಗೆ ಬರುವ ಪಶು ಸಂಜೀವಿನಿ ವಾಹನಕ್ಕೆ ಕರೆಮಾಡಬೇಕಾದ ಸಂಖ್ಯೆ 1962. ಈ ಕರೆಗೆ ದುಡ್ಡು ಬೀಳುವುದಿಲ್ಲ.